ಇನ್ನೂರ ಹದಿನಾಲ್ಕನೇ ಕಂತು

ಆ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ರಟ್ಟು ಅಂಟಿಸಿದ್ದರು. ಅದರ ಮೇಲೆ ಹದಿನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಎಲ್ಲಕ್ಕಿಂತ ಮೇಲೆ ‘ಗುಡುಗು ಮುಷ್ಟಿ’, ನೂರಕ್ಕೆ ನೂರು. ಎಲ್ಲಕ್ಕಿಂತ ಕೆಳಗೆ ‘ಕೊಡದಮ್ಮ’, ಸೊನ್ನೆ. ದಿನಕ್ಕೆ ಹತ್ತು ಸಲ ಹಾಲಿಗೆ, ತರಕಾರಿಗೆ ಆ ಬಾಗಿಲು ತೆರೆಯುತ್ತಿದ್ದವಳು ಮನೆಯ ಸೊಸೆ. ಅವಳನ್ನೂ ಮನೆಯವರು ಕೊಡದಮ್ಮ ಎಂದೇ ಕರೆಯುತ್ತಿದ್ದರು.

ಹೆಸರುಗಳು ಒಂದು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸೀರಿಯಲ್ಲಿನವು. ಅದು ಶುರುವಾಗಿ ಹತ್ತೊಂಬತ್ತು ವರ್ಷವಾಗಿತ್ತು. ಆರುನೂರ ಹನ್ನೆರಡು ಕಂತು ಕಳೆದರೂ ಹೊಡೆದಾಟ ಮುಗಿದಿರಲಿಲ್ಲ. ಬೆಟ್ಟದ ತುದಿಯಲ್ಲೊಂದು ಕಾಳಗದ ಶಾಲೆ, ಅಲ್ಲೊಬ್ಬ ಬಿಳಿಗಡ್ಡದ ಗುರು, ಡೊಳ್ಳ, ಕೊಳಲಿನವನು ಎಂದೆಲ್ಲ ಹೆಸರಿನ ಹನ್ನೆರಡು ಜನ ಶಿಷ್ಯರು. ಹಿರಿಯ ಶಿಷ್ಯ ಗುಡುಗು ಮುಷ್ಟಿ ಒಂದು ಗುದ್ದು ಕೊಟ್ಟರೆ ಬಂಡೆ ಎರಡು ಹೋಳು. ಇವರೆಲ್ಲರ ನಡುವೆ ಕೊಡ ಹೊತ್ತು ಬೆಟ್ಟ ಹತ್ತುವ, ಒಂದು ಮಾತೂ ಆಡದ ಹೆಂಗಸೊಬ್ಬಳು. ಕತೆಯಲ್ಲಿ ಅವಳಿಗೆ ಹೆಸರೇ ಇಲ್ಲ. ಕೊಡದಮ್ಮ ಎನ್ನುವುದು ಈ ಮನೆಯವರು ಇಟ್ಟದ್ದು.

ಎಲ್ಲರಿಗಿಂತ ಬಲಶಾಲಿ ಯಾರು ಎನ್ನುವುದರಲ್ಲಿ ಅಣ್ಣತಮ್ಮಂದಿರಿಗೆ ಜಗಳವೇ ಇರಲಿಲ್ಲ. ಎಲ್ಲರಿಗಿಂತ ದುರ್ಬಲ ಯಾರು? ಪ್ರತಿ ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಒಣಗುವವರೆಗೆ ಅದೇ ವಾದ.

“ಡೊಳ್ಳ ಮೊದಲನೇ ಗುದ್ದಿಗೇ ಬೀಳ್ತಾನೆ. ಅವನಿಗಿಂತ ಕೈಲಾಗದವನು ಯಾರಿದಾನೋ?” ಎನ್ನುವನು ಗಂಡ. ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬಸ್ಸು ಎರಡು ನಿಮಿಷ ತಡವಾದರೆ ಬರೆದಿಡುವ ಮನುಷ್ಯ.

“ಬೀಳೋಕಾದ್ರೂ ಅಖಾಡಕ್ಕೆ ಇಳೀತಾನಲ್ಲಣ್ಣ. ಕೊಡದಮ್ಮ ಆರ್ನೂರು ಎಪಿಸೋಡಲ್ಲಿ ಒಬ್ಬನಿಗೆ ಒಂದು ಏಟು ಹಾಕಿದ್ದು ತೋರಿಸು, ನಾನು ಮೀಸೆ ಬೋಳಿಸ್ತೀನಿ,” ಎನ್ನುವನು ಮೈದುನ. ಆಮೇಲೆ ಅಡುಗೆಮನೆಯ ಕಡೆ ಕತ್ತು ಚಾಚಿ, “ಏನಂತೀರಿ ಅತ್ತಿಗೆ? ಅಯ್ಯೋ, ಕೊಡದಮ್ಮನ್ನೇ ಕೇಳ್ತಿದೀನಲ್ಲ, ನನಗೆ ಬುದ್ಧಿ ಇಲ್ಲ!” ಎಂದು ತಾನೇ ನಗುವನು.

ಮೈದುನನನ್ನು ಕಟ್ಟಡದವರೆಲ್ಲ ‘ಮಾಸ್ಟರ್’ ಎನ್ನುತ್ತಿದ್ದರು. ಅದೇ ಕಟ್ಟಡದ ನೆಲ ಅಂತಸ್ತಿನ ಹಾಲ್‌ನಲ್ಲಿ ನಲವತ್ತು ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದ. ಬಾಗಿಲ ಮೇಲೆ ಕೆಂಪು ಅಕ್ಷರದ ಬೋರ್ಡು: ‘ಗುಡುಗು ಮುಷ್ಟಿ ತರಬೇತಿ ಶಾಲೆ’. ಒಳಗಿನ ಗೋಡೆಯ ತುಂಬ ಬಿಳಿಗಡ್ಡದ ಗುರುವಿನ ಮಾತು: ‘ಯಾರ ಆಸರೆಯೂ ಇಲ್ಲದೆ ನಿಲ್ಲುವವನೇ ಬಲಶಾಲಿ.’ ಈ ಮಾತನ್ನು ಬರೆಸಿದವನು ಉಣ್ಣುತ್ತಿದ್ದದ್ದು ಮೂರನೇ ಮಹಡಿಯಲ್ಲಿ ಅತ್ತಿಗೆ ಮಾಡಿದ ಅಡುಗೆ. ತೊಡುತ್ತಿದ್ದದ್ದು ಅತ್ತಿಗೆ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ.

ಅವಳು ಆ ಮನೆಗೆ ಬಂದು ಹದಿನಾಲ್ಕು ವರ್ಷ. ಮದುವೆಗೆ ಮೊದಲೂ ಹೊಲಿಗೆ ಕಾರ್ಖಾನೆಯಲ್ಲಿದ್ದಳು, ಆಮೇಲೂ ಇದ್ದಳು. ಅಲ್ಲಿ ಹೊಲಿಯುತ್ತಿದ್ದದ್ದೂ ಕಾಳಗದ ಬಟ್ಟೆಗಳನ್ನೇ: ದಪ್ಪ ಬಿಳಿ ಹತ್ತಿ, ಮಂಡಿಗೆ ಜೋಡಿ ಪದರ, ಕಂಕುಳಿಗೆ ಚೌಕದ ತುಂಡು. ಹರಿದು ವಾಪಸ್ ಬಂದ ಪ್ಯಾಂಟು ನೋಡಿ ಇದನ್ನು ತೊಟ್ಟವನು ಎಡಗಾಲಲ್ಲಿ ಒದೆಯುತ್ತಾನೋ ಬಲಗಾಲಲ್ಲೋ ಹೇಳಬಲ್ಲಳು. ಕಾರ್ಖಾನೆಯ ಹುಡುಗಿಯರು ಅವಳನ್ನು ಕರೆಯುತ್ತಿದ್ದದ್ದು ‘ಅಕ್ಕ’ ಎಂದು.

ಕಟ್ಟಡದ ನಲ್ಲಿಯಲ್ಲಿ ಬರುವ ನೀರು ಉಪ್ಪು, ಬಟ್ಟೆ ಪಾತ್ರೆಗೆ ಮಾತ್ರ ಆಗುವಂಥದ್ದು. ಕುಡಿಯುವ ನೀರಿನ ಕ್ಯಾನ್‌ಗಳನ್ನು ಗಾಡಿಯವನು ಗೇಟಿನ ಹತ್ತಿರ ಇಳಿಸಿ ಹೋಗುವನು, ಮೆಟ್ಟಿಲು ಹತ್ತುವುದಿಲ್ಲ. ಒಂದು ಕ್ಯಾನ್ ಇಪ್ಪತ್ತು ಲೀಟರ್. ಮೆಟ್ಟಿಲು ಐವತ್ತೇಳು. ಮದುವೆಯಾದ ಮೊದಲ ವಾರ ಗಂಡ ಹೊತ್ತ. ಎರಡನೇ ವಾರ ಡಿಪೋದಿಂದ ತಡವಾಗಿ ಬಂದ. ಮೂರನೇ ವಾರಕ್ಕೆ ಅದು ಅವಳ ಕೆಲಸವಾಗಿತ್ತು. ಹಾಗೆ ಆದ ದಿನ ಯಾವುದೆಂದು ಅವಳನ್ನು ಬಿಟ್ಟು ಬೇರೆ ಯಾರಿಗೂ ನೆನಪಿಲ್ಲ. ಕ್ಯಾನ್ ತಂದುಕೊಡಲು ಮೈದುನನನ್ನು ಒಮ್ಮೆ ಕೇಳಿದ್ದಳು.

“ನನ್ನ ಮಣಿಕಟ್ಟು ಉಳುಕಿದ್ರೆ ನಲವತ್ತು ಮಕ್ಕಳ ಕ್ಲಾಸ್ ನಿಂತು ಹೋಗುತ್ತೆ ಅತ್ತಿಗೆ. ನಿಮಗೇನು, ಅಭ್ಯಾಸ ಇದೆ,” ಅಂದಿದ್ದ.

ಅಂದೇ ಅವಳಿಗೆ ಕೊಡದಮ್ಮ ಎಂಬ ಹೆಸರು ಬಿತ್ತು. ಈಚೆಗೆ ಬಲಭುಜ ಮೇಲೇಳುತ್ತಿರಲಿಲ್ಲ. ಜಡೆ ಹಾಕಿಕೊಳ್ಳಲು ತಲೆಯನ್ನೇ ಕೈಯ ಮಟ್ಟಕ್ಕೆ ಬಗ್ಗಿಸಬೇಕಾಗಿತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಗಂಡ ಅದನ್ನು ಓದಿ, ಮಡಚಿ, ಫ್ರಿಜ್ಜಿನ ಮೇಲಿಟ್ಟಿದ್ದ. ಇನ್ನೂ ಅಲ್ಲೇ ಇತ್ತು.

ಇಷ್ಟನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಹನ್ನೊಂದು ವರ್ಷದ ಮಗಳ ಒಂದು ಮಾತು ಮಾತ್ರ ಗಂಟಲಲ್ಲಿ ನಿಂತಿತು.

ಮಗಳೂ ಚಿಕ್ಕಪ್ಪನ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ಸಂಜೆ ಮಂಡಿ ಬಗ್ಗಿಸಿ ನಿಲ್ಲುವ ಕಸರತ್ತಿನಲ್ಲಿ ಅವಳ ಕಾಲುಗಳು ನಡುಗಿದವು. ಮಾಸ್ಟರ್ ಎಲ್ಲರನ್ನೂ ನಿಲ್ಲಿಸಿ, “ನೋಡ್ರೋ, ಕೊಡದಮ್ಮನ ಮಗಳು! ರಕ್ತದಲ್ಲೇ ಬಂದಿರೋದು, ಅವಳೇನು ಮಾಡ್ತಾಳೆ. ಹೋಗಮ್ಮ, ಎಲ್ಲರಿಗೂ ಒಂದೊಂದು ಲೋಟ ನೀರು ಕೊಡು,” ಅಂದ. ನಲವತ್ತು ಮಕ್ಕಳು ನಕ್ಕರು. ಮಗಳು ನಲವತ್ತು ಲೋಟ ನೀರು ಕೊಟ್ಟಳು.

ಮೇಲೆ ಬಂದವಳು ಸೊಂಟದ ಪಟ್ಟಿ ಬಿಚ್ಚಿ ಮೂಲೆಗೆಸೆದಳು. ಏನಾಯಿತೆಂದು ಅಜ್ಜಿಗೆ ಹೇಳಿದಳು, ಅಮ್ಮನಿಗೆ ಹೇಳಲಿಲ್ಲ; ಅಮ್ಮನಿಗೆ ತಿಳಿದದ್ದು ಅಜ್ಜಿಯಿಂದ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಅಂದಳು:

“ಕೊಡದಮ್ಮ, ನೀರು.”

ಮೈದುನ ತೊಡೆ ತಟ್ಟಿ ನಕ್ಕ. ಗಂಡ, “ಛೆ, ಅಮ್ಮಂಗೆ ಹಾಗನ್ನಬಾರದು,” ಅಂದ, ಬಾಯಂಚಲ್ಲಿ ನಗು ಇಟ್ಟುಕೊಂಡೇ. ಅವಳು ನೀರು ತಂದು ಮಗಳ ಮುಂದಿಟ್ಟಳು. ಮಗಳು ತಲೆ ಎತ್ತಲಿಲ್ಲ.

ಪಾತ್ರೆ ಉಜ್ಜುವಾಗ ಅವಳಿಗೆ ಅಳು ಬರಲಿಲ್ಲ. ಬಂದದ್ದು ಒಂದು ಲೆಕ್ಕಾಚಾರ. ಮಗಳ ಬಾಯಿಂದ ಆ ಹೆಸರು ಹೋಗಬೇಕು. ಹೇಳಿ ಬಿಡಿಸಿದರೆ ಹೋಗುವಂಥದ್ದಲ್ಲ ಅದು. ಹೆಸರಿಟ್ಟವನನ್ನು ಆ ನಲವತ್ತು ಮಕ್ಕಳ ಮುಂದೆ, ಅದೇ ಹಾಲ್‌ನಲ್ಲಿ, ಮಗಳ ಕಣ್ಣೆದುರಿಗೇ ಕೆಡವಬೇಕು. ವಾದದ ಭಾನುವಾರಕ್ಕೆ ಇನ್ನೂ ಎರಡು ತಿಂಗಳಿತ್ತು.

ವಾದದ ಭಾನುವಾರವೆಂದರೆ ಮೈದುನನೇ ಶುರುಮಾಡಿದ ವಾರ್ಷಿಕ ಸಭೆ. ಮಕ್ಕಳು, ಅವರ ತಂದೆತಾಯಿಗಳು, ಸೀರಿಯಲ್ ಹುಚ್ಚಿನ ನೆರೆಹೊರೆಯವರು ಹಾಲ್‌ನಲ್ಲಿ ಸೇರಿ ಅತಿ ದುರ್ಬಲ ಯಾರೆಂದು ವಾದಿಸಿ ಕೈ ಎತ್ತಿ ತೀರ್ಮಾನಿಸಬೇಕು. ಫ್ರಿಜ್ಜಿನ ರಟ್ಟಿನ ಕೆಳಗೆ ಎರಡು ನಿಯಮಗಳನ್ನು ಅವನೇ ಬರೆದು ರುಜು ಹಾಕಿದ್ದ. ವಾದದಲ್ಲಿ ಸೋತವನನ್ನು ಮುಂದಿನ ವರ್ಷದವರೆಗೆ, ಅತಿ ದುರ್ಬಲ ಎಂದು ತೀರ್ಮಾನವಾದವರ ಹೆಸರಿನಿಂದಲೇ ಎಲ್ಲರೂ ಕರೆಯಬೇಕು. ಸೋತವನು ಹಾಲ್‌ಗೂ ಮೂರನೇ ಮಹಡಿಯ ಮನೆಗೂ ವರ್ಷವಿಡೀ ನೀರು ಹೊರಬೇಕು. ಹಿಂದಿನ ವರ್ಷ ಸೋತವನು ಗಂಡ. ಒಂದು ದಿನ ಕೊಡದಮ್ಮ ಅನ್ನಿಸಿಕೊಂಡು, ಕ್ಯಾನ್ ಹೊತ್ತು ಫೋಟೊ ತೆಗೆಸಿಕೊಂಡ. ಮರುದಿನ ಸೊಂಟ ಹಿಡಿಯಿತು. ಮೂರನೆಯ ದಿನದಿಂದ ಮತ್ತೆ ಅವಳೇ.

ಕಾರ್ಖಾನೆಗೆ ವಾರದ ರಜೆ ಮಂಗಳವಾರ, ಭಾನುವಾರ ಬೆಳಗಿನ ಅರ್ಧ ದಿನ ಮಾತ್ರ ಕೆಲಸ. ಗಂಡ ಡಿಪೋಗೆ, ಮೈದುನ ಹಾಲ್‌ಗೆ, ಮಗಳು ಶಾಲೆಗೆ ಹೋದ ಮೇಲೆ ಅವಳು ರಿಮೋಟ್ ಕೈಗೆ ತೆಗೆದುಕೊಂಡಳು. ಎಲ್ಲ ಕಂತುಗಳನ್ನೂ ಮೈದುನ ಒಂದು ಡ್ರೈವ್‌ನಲ್ಲಿ ಜೋಡಿಸಿಟ್ಟಿದ್ದ. ಆ ಮನೆಯಲ್ಲಿ ಅದನ್ನು ನೋಡುವುದಕ್ಕೊಂದು ರೀತಿಯಿತ್ತು. ಪರದೆಯ ಮೇಲೆ ಕೊಡ ಕಂಡ ಕೂಡಲೇ, “ನೀರಿನ ಸೀನ್ ಬಂತು, ಓಡ್ಸು ಓಡ್ಸು,” ಎಂದು ಅಣ್ಣತಮ್ಮಂದಿರು ಹೊಡೆದಾಟ ಬರುವವರೆಗೆ ಓಡಿಸಿಬಿಡುವರು. ಹತ್ತೊಂಬತ್ತು ವರ್ಷದಲ್ಲಿ ಒಂದು ನೀರಿನ ಸೀನನ್ನೂ ಅವರು ಪೂರ್ತಿ ನೋಡಿದವರಲ್ಲ. ಅವಳು ಉಲ್ಟಾ ಮಾಡಿದಳು. ಹೊಡೆದಾಟ ಬಂದರೆ ಓಡಿಸಿದಳು, ಕೊಡ ಕಂಡರೆ ನಿಲ್ಲಿಸಿದಳು.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಲೇ ನೋಡುತ್ತಿದ್ದರು.

“ಇವಳು ಯಾರೇ? ಒಂದು ಮಾತೂ ಆಡಲ್ಲ.”

“ಆ ಶಾಲೆಲಿ ಕೆಲಸ ಮಾಡೋಳು ಅತ್ತೆ.”

“ಸಂಬಳ ಕೊಡ್ತಾರಂತಾ?”

“ಕೊಟ್ಟಿದ್ದು ಕಾಣಲಿಲ್ಲ.”

“ಹ್ಞೂಂ,” ಅಂದರು ಅತ್ತೆ. ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, “ಸೊಂಟ ನೋಯುತ್ತೆ ಕಣೇ ಅವಳಿಗೆ. ಇಳಿಸೋವಾಗ ನೋಡು, ಎಡಗೈ ಹಿಂದಕ್ಕೆ ಹೋಗುತ್ತೆ,” ಅಂದರು.

ಅಳತೆ ಬರೆದುಕೊಳ್ಳುವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವಳು ಕಂತಿನ ನಂಬರು ಗುರುತು ಹಾಕಿಕೊಳ್ಳುತ್ತ ಹೋದಳು. ಐದನೇ ಮಂಗಳವಾರ ಇನ್ನೂರ ಹದಿನಾಲ್ಕನೇ ಕಂತು ಬಂತು. ಆ ಕಂತನ್ನು ಕೇಳದವರು ಆ ಮನೆಯಲ್ಲಿರಲಿಲ್ಲ. ಇಡೀ ಸೀರಿಯಲ್ಲಿನಲ್ಲಿ ಗುಡುಗು ಮುಷ್ಟಿ ಸೋತದ್ದು ಅದೊಂದೇ ಸಲ. ಎದುರಾಳಿ ಕಾಲೆತ್ತುವ ಮೊದಲೇ ಇವನು ದೊಪ್ಪನೆ ಬಿದ್ದಿದ್ದ. ಯಾಕೆ? ಗಂಡನ ಪ್ರಕಾರ ಎದುರಾಳಿ ಗಾಳಿಯಲ್ಲಿ ವಿಷ ಬೆರೆಸಿದ್ದ. ಮೈದುನನ ಪ್ರಕಾರ ಅದು ‘ಅದೃಶ್ಯ ಒದೆ’, ಕಣ್ಣಿಗೆ ಕಾಣದ ವೇಗದ್ದು. ಅದನ್ನು ತಾನು ಕಂಡುಹಿಡಿದಿರುವುದಾಗಿ ಹೇಳಿ ಶನಿವಾರ ಪ್ರತ್ಯೇಕ ತರಗತಿಯನ್ನೇ ನಡೆಸುತ್ತಿದ್ದ.

ಅವಳು ಓಡಿಸದೆ ನೋಡಿದಳು. ಹೊಡೆದಾಟಕ್ಕೆ ಮೊದಲು ನಾಲ್ಕು ನಿಮಿಷದ ನೀರಿನ ಸೀನು. ನೋಡಿ ಮುಗಿದ ಮೇಲೆ ಹಿಂದಕ್ಕೆ ತಂದು ಮತ್ತೆ ನೋಡಿದಳು. ಮೂರನೇ ಸಲ ನೋಡುವಾಗ ನಕ್ಕಳು. ಅತ್ತೆಗೆ ಎಚ್ಚರವಾಗುವಷ್ಟು ಜೋರಾಗಿ.

ವಾದದ ಭಾನುವಾರದ ಹಿಂದಿನ ಗುರುವಾರ ಮೈದುನ ಸಭೆಗೆ ತೊಡಲು ಗಂಜಿ ಹಾಕಿದ ತನ್ನ ಬಿಳಿ ಜೋಡಿಯನ್ನು ಕೇಳಿದ. ಅವನು ಕುಳ್ಳ. ತಯಾರಾಗಿ ಬರುವ ಪ್ಯಾಂಟು ಒಂದು ಅಂಗುಲ ಉದ್ದವಾಗುತ್ತಿತ್ತು. ಅದನ್ನು ಅವಳು ಒಳಗೆ ಮಡಿಸಿ ಕೈಹೊಲಿಗೆ ಹಾಕಿಕೊಡುತ್ತಿದ್ದಳು. ಒದ್ದು ಒದ್ದು ಎರಡು ವಾರಕ್ಕೊಮ್ಮೆ ಆ ದಾರ ಕಿತ್ತುಬರುವುದು, ಅವಳು ಮತ್ತೆ ಹಾಕುವಳು. ಹಾಗೆ ಹಾಕುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಟ್ಟೆ ತಾನೇ ಹಾಗಿರುತ್ತದೆ ಎಂದುಕೊಂಡಿದ್ದ. ಈ ಸಲವೂ ಬಲಗಾಲಿನ ದಾರ ಕಿತ್ತುಬಂದಿತ್ತು. ಅವಳು ಬಿಚ್ಚಲಿಲ್ಲ. ಹೊಲಿಯಲೂ ಇಲ್ಲ. ಮಡಿಕೆಯನ್ನು ಮೊದಲಿದ್ದಂತೆ ಕೂರಿಸಿ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಒಂದೆಳೆ ದಾರವಿಲ್ಲದ ಅಂಚು ಗಂಜಿಯ ಬಲದಲ್ಲಿ ನೆಟ್ಟಗೆ ನಿಂತಿತು.

ಭಾನುವಾರ ಹಾಲ್ ಕಿಕ್ಕಿರಿದಿತ್ತು. ಅವಳನ್ನು ಕರೆದದ್ದು ನೀರು ಹಂಚುವುದಕ್ಕೆ. ಮೈದುನ ಎಂದಿನಂತೆ ಮೊದಲು ಎದ್ದು ಕೊಡದಮ್ಮನೇ ಅತಿ ದುರ್ಬಲಳೆಂದು ವಾದ ಮುಗಿಸಿದ, ಚಪ್ಪಾಳೆ ಬಿತ್ತು. ಗಂಡ ಎದ್ದು ಡೊಳ್ಳನ ಹೆಸರು ಹೇಳಿ ಕೂತ, ಯಾರೂ ಕಿವಿಗೊಡಲಿಲ್ಲ.

“ಇನ್ಯಾರಾದ್ರೂ?” ಅಂದ ಮೈದುನ.

“ನಾನು,” ಅಂದಳು ಅವಳು. ಲೋಟಗಳ ತಟ್ಟೆಯನ್ನು ಗಂಡನ ಮಡಿಲಲ್ಲಿಟ್ಟು ಮುಂದೆ ಬಂದಳು.

“ಅತ್ತಿಗೆ! ಬನ್ನಿ ಬನ್ನಿ. ಸ್ವತಃ ಕೊಡದಮ್ಮನವರೇ ಬಂದರು ಕಣ್ರೋ! ಯಾರ ಹೆಸರು?”

“ಗುಡುಗು ಮುಷ್ಟಿ.”

ನಗು ಗೋಡೆಗೆ ಬಡಿಯಿತು. ಮಗಳು ಎರಡನೇ ಸಾಲಿನಲ್ಲಿ ನಾಚಿಕೆಯಿಂದ ತಲೆ ತಗ್ಗಿಸಿ ಪಟ್ಟಿಯ ತುದಿ ತಿರುವತೊಡಗಿದಳು. ಅವಳು ಅದನ್ನು ನೋಡಿದಳು. ಗೋಡೆಯ ಕಡೆ ಕೈ ತೋರಿಸಿದಳು.

“ಈ ಗೋಡೆ ಮೇಲಿರೋದು ನಿಮ್ಮ ಗುರುವಿನ ಮಾತು ತಾನೆ, ಮಾಸ್ಟರ್? ಯಾರ ಆಸರೆಯೂ ಇಲ್ಲದೆ ನಿಲ್ಲುವವನೇ ಬಲಶಾಲಿ. ಹಾಗಾದ್ರೆ ಆಸರೆ ತೆಗೆದ ಕೂಡಲೇ ಬೀಳೋನು ಏನು?”

“ದುರ್ಬಲ. ಆದ್ರೆ ಗುಡುಗು ಮುಷ್ಟಿ ಬೀಳಲ್ಲ ಅತ್ತಿಗೆ.”

“ಇನ್ನೂರ ಹದಿನಾಲ್ಕರಲ್ಲಿ ಬಿದ್ದ.”

“ಅದು ಅದೃಶ್ಯ ಒದೆ! ಮಕ್ಕಳಿಗೂ ಗೊತ್ತು.”

“ಸ್ವಲ್ಪ ಹಾಕಿ ನೋಡೋಣ. ಓಡಿಸಬೇಡಿ.”

ಗೋಡೆಯ ದೊಡ್ಡ ಟಿವಿಯಲ್ಲಿ ಕಂತು ಶುರುವಾಯಿತು. ಕೊಡದಮ್ಮ ತಂಗಿಯ ಬಾಣಂತನಕ್ಕೆಂದು ಮೂರು ದಿನ ಬೆಟ್ಟ ಇಳಿದು ಹೋಗುತ್ತಾಳೆ. ಮೊದಲ ದಿನ ಶಿಷ್ಯರು ಇದ್ದ ನೀರು ಕುಡಿದು ಮುಗಿಸುತ್ತಾರೆ. ಎರಡನೇ ದಿನ ಯಾರು ನೀರು ತರಬೇಕೆಂದು ಹನ್ನೆರಡೂ ಜನ ಜಗಳವಾಡುತ್ತಾರೆ, ಯಾರೂ ಹೋಗುವುದಿಲ್ಲ. ಮೂರನೇ ದಿನ ಗುಡುಗು ಮುಷ್ಟಿ ಒಣಗಿದ ತುಟಿ ನೆಕ್ಕುತ್ತ ಅಖಾಡಕ್ಕೆ ಹೊರಡುತ್ತಾನೆ. ಅವನ ಬಟ್ಟೆ ಮೂಲೆಯಲ್ಲಿ ಹಾಗೇ ಬಿದ್ದಿದೆ. ಎತ್ತಿ ತೊಡುತ್ತಾನೆ. ಪರದೆಯ ತುಂಬ ಅವನ ಪಾದ. ಪ್ಯಾಂಟಿನ ಅಂಚಿನಿಂದ ಒಂದು ದಾರ ಇಳಿಬಿದ್ದಿದೆ.

“ಇಲ್ಲಿ ನಿಲ್ಲಿಸಿ,” ಅಂದಳು. ಹತ್ತಿರ ಹೋಗಿ ಆ ದಾರದ ಮೇಲೆ ಬೆರಳಿಟ್ಟಳು. “ಇದು ಕೈಹೊಲಿಗೆ. ಕಿತ್ತು ಬಂದಿದೆ. ಪ್ರತಿ ವಾರ ಅವಳು ಹಾಕ್ತಾಳೆ. ನಲವತ್ತೊಂದನೇ ಎಪಿಸೋಡಲ್ಲಿ ಹಾಕ್ತಾಳೆ, ತೊಂಬತ್ತರಲ್ಲಿ ಹಾಕ್ತಾಳೆ, ನೂರ ಎಪ್ಪತ್ತೆರಡರಲ್ಲಿ ಹಾಕ್ತಾಳೆ. ನೀವು ಓಡಿಸಿದ್ರಿ. ಈ ಸಲ ಅವಳು ಇರಲಿಲ್ಲ. ಈಗ ಮುಂದೆ ಬಿಡಿ. ಕೈ ನೋಡಬೇಡಿ. ಕಾಲು ನೋಡಿ.”

ಗುಡುಗು ಮುಷ್ಟಿ ಅಬ್ಬರಿಸಿ ಹೆಜ್ಜೆ ಹಾಕಿದ. ಬಿಚ್ಚಿದ ಅಂಚು ಹಿಮ್ಮಡಿಯ ಕೆಳಗೆ ಹೋಯಿತು. ಬಿದ್ದ. ಇಷ್ಟು ವರ್ಷದ ರಹಸ್ಯ ಅಷ್ಟೇ ಆಗಿತ್ತು. ಅದೃಶ್ಯ ಒದೆ ಕಲಿಯಲು ಶನಿವಾರ ಮಕ್ಕಳನ್ನು ಕಳಿಸುತ್ತಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಡೊಳ್ಳ ಏಟು ತಿಂದು ಬೀಳ್ತಾನೆ. ಕೊಳಲಿನವನು ರಕ್ತ ನೋಡಿ ಬೀಳ್ತಾನೆ. ಒಬ್ಬ ಹೆಂಗಸು ಮೂರು ದಿನ ಮನೆಯಲ್ಲಿಲ್ಲ ಅಂತ ಬೀಳೋನು ಇವನೊಬ್ಬನೇ. ಎಲ್ಲರಿಗಿಂತ ದುರ್ಬಲ ಇವನೇ,” ಎಂದು ಅವಳು ಮುಗಿಸಿದಳು.

ಮೈದುನನ ಕಿವಿ ಕೆಂಪಾಗಿತ್ತು. “ಕಾರ್ಟೂನಲ್ಲಿ ಏನು ಬೇಕಾದ್ರೂ ತೋರಿಸ್ತಾರೆ! ದಾರವಂತೆ, ಸೂಜಿಯಂತೆ. ನಿಜವಾದ ಬಲ ಏನು ಅಂತ ನಾನು ತೋರಿಸ್ತೀನಿ, ಸರೀರಿ!” ಎಂದು ನಡುವೆ ಜಾಗ ಮಾಡಿಸಿದ. ಬೆಳಗಿನಿಂದ ಅವನು ಕಾಲೆತ್ತಿರಲಿಲ್ಲ. ಎತ್ತುತ್ತಾನೆಂದು ಅವಳಿಗೆ ಗೊತ್ತಿತ್ತು. ಮೊದಲ ಒದೆ ತಲೆಗಿಂತ ಮೇಲೆ ಹೋಯಿತು, ಗಂಜಿ ಪಟ್ ಎಂದಿತು. ಬಲಗಾಲಿನ ಮಡಿಕೆ ಬಿಚ್ಚಿ ಕೆಳಗಿಳಿಯಿತು. ಅವನು ನೋಡಲಿಲ್ಲ. ಎರಡನೇ ಒದೆಗೆಂದು ಬಲಗಾಲನ್ನು ಊರಿ ತಿರುಗಿದ. ಅಂಚು ಹಿಮ್ಮಡಿಯ ಕೆಳಗೆ ಸಿಕ್ಕಿತು. ಮಾಸ್ಟರ್ ಗೋಡೆಯ ಮೇಲಿನ ಗುರುವಿನ ಮಾತಿನ ಕೆಳಗೆ ದೊಪ್ಪನೆ ಕೂತ.

ಎರಡನೇ ಸಾಲಿನಿಂದ ಒಂದು ದನಿ ಎದ್ದಿತು.

“ಇನ್ನೂರ ಹದಿನಾಲ್ಕು!”

ಮಗಳು ಎದ್ದು ನಿಂತಿದ್ದಳು. ಅವಳ ಹಿಂದೆ ನಲವತ್ತು ಮಕ್ಕಳೂ ಕೂಗಿದರು: “ಇನ್ನೂರ ಹದಿನಾಲ್ಕು! ಇನ್ನೂರ ಹದಿನಾಲ್ಕು!” ಕೈಗಳು ಮೇಲೆದ್ದವು. ಎಣಿಸುವ ಅಗತ್ಯವಿರಲಿಲ್ಲ. ಡೊಳ್ಳನನ್ನು ಹಿಡಿದುಕೊಂಡಿದ್ದ ಗಂಡನೂ ಮಡಿಲಲ್ಲಿ ತಟ್ಟೆ ಇಟ್ಟುಕೊಂಡೇ ಒಂದು ಕೈ ಎತ್ತಿದ್ದ.

ಮರುದಿನ ಅವಳು ಕ್ಯಾನ್ ತರಲು ಇಳಿಯಲಿಲ್ಲ. ಮಾಸ್ಟರ್ ಒಂದು ದಿನ ಹೊತ್ತ, ಫೋಟೊ ತೆಗೆಸಿಕೊಂಡ. ಎರಡನೇ ದಿನ ಮಣಿಕಟ್ಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಖಾಲಿ ಹೂಜಿಯನ್ನು ಬೋರಲು ಹಾಕಿ ತೋರಿಸಿದಳು. ಒಲೆ ಹಚ್ಚಲಿಲ್ಲ.

“ಆಯ್ತಲ್ಲ, ಗೆದ್ದೆಯಲ್ಲ, ಸಾಕು ಬಿಡು. ಮನೆ ಮರ್ಯಾದೆ ಪ್ರಶ್ನೆ,” ಅಂದ ಗಂಡ.

“ಮನೆ ಮರ್ಯಾದೆ ಗೇಟಿನ ಹತ್ತಿರ ಇಳಿಸಿದಾರೆ. ಇಪ್ಪತ್ತು ಲೀಟರ್ ಇದೆ. ನೀವು ತರ್ತೀರಾ?”

ಗಂಡ ಡಿಪೋಗೆ ಹೊರಟ, ಅಂದು ಹತ್ತು ನಿಮಿಷ ಮುಂಚೆಯೇ. ಅತ್ತೆ ಕುರ್ಚಿಯಿಂದ, “ಪಾಪ ಕಣೇ, ಅಭ್ಯಾಸ ಇಲ್ಲ ಅವನಿಗೆ,” ಅಂದರು.

“ನನಗೂ ಇರಲಿಲ್ಲ ಅತ್ತೆ. ಮೂರನೇ ವಾರಕ್ಕೆ ಆಯ್ತು.”

ಅತ್ತೆ ಕಿರಿಮಗನನ್ನು ಕೂಗಿ, “ಲೋ, ಇಳಿಸೋವಾಗ ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ,” ಅಂದರು.

ನೀರಿಗಿಂತ ಅವನನ್ನು ತಿಂದದ್ದು ಹೆಸರು. ನಿಯಮ ಅವನೇ ರುಜು ಹಾಕಿದ್ದು. ಅವನು ಗೇಟಿನಿಂದ ಕ್ಯಾನ್ ಎತ್ತಿದೊಡನೆ ಮಹಡಿ ಮಹಡಿಯಿಂದ ಮಕ್ಕಳು ಇಣುಕಿ, “ಗುಡುಗು ಮುಷ್ಟಿ ಬಂತು, ಗುಡುಗು ಮುಷ್ಟಿ ಬಂತು!” ಎಂದು ಕೂಗುವರು. ಹಿಂದೆ ಇದೇ ಹೆಸರು ಕೇಳಿದರೆ ಎದೆಯುಬ್ಬಿಸುತ್ತಿದ್ದವನು ಈಗ ತಲೆ ಬಗ್ಗಿಸುತ್ತಿದ್ದ. ಎರಡು ತಿಂಗಳಾಗುವ ಮೊದಲೇ ಹಾಲ್‌ನ ಬೋರ್ಡನ್ನು ಇಳಿಸಿದ. ಶನಿವಾರದ ತರಗತಿ ನಿಂತಿತು. ಫ್ರಿಜ್ಜಿನ ರಟ್ಟನ್ನೂ ಕೀಳಲು ಬಂದಿದ್ದ. “ಅದು ಅಲ್ಲೇ ಇರಲಿ. ವರ್ಷ ಮುಗಿದಿಲ್ಲ,” ಅಂದಳು. ರಟ್ಟಿನ ಮೇಲೆ ನೂರನ್ನು ಹೊಡೆದು ಸೊನ್ನೆ ಬರೆದಿದ್ದದ್ದು ಮಗಳ ಅಕ್ಷರ. ಡಾಕ್ಟರ ಚೀಟಿ ಈಗ ಅದರ ಪಕ್ಕದಲ್ಲಿ ಅಂಟಿತ್ತು.

ಒಂದು ಸಂಜೆ ಅವಳು ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು. ಭುಜ ಪೂರ್ತಿ ಸರಿಹೋಗಿರಲಿಲ್ಲ. ಕೈ ಮಗಳ ತಲೆಯ ಮಟ್ಟಕ್ಕೆ ಏಳುತ್ತಿತ್ತು, ಅಷ್ಟು. ಕೆಳಗಿನಿಂದ ಕ್ಯಾನ್ ಮೆಟ್ಟಿಲಿಗೆ ತಾಗುವ ಸದ್ದು ಬಂತು. ಎರಡನೇ ಮಹಡಿಯ ತಿರುವಿನಲ್ಲಿ ನಿಂತಿತು. ಏದುಸಿರು.

“ಅತ್ತಿಗೆ,” ಎಂದು ಮೈದುನ ಕೂಗಿದ. “ಒಂದು ಲೋಟ ನೀರು ಕೊಡ್ತೀರಾ?”

ಮಗಳು ಏಳಲು ಹೋದಳು. ಅವಳು ಜಡೆಯನ್ನು ಬಿಡಲಿಲ್ಲ.

“ಕೂತ್ಕೋ,” ಅಂದಳು. ಆಮೇಲೆ ಕಂಬಿಯ ಮೇಲಿಂದ ಕೆಳಗೆ ಬಗ್ಗಿದಳು. ಹದಿನಾಲ್ಕು ವರ್ಷ ಅವನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ.

“ನೀರು ಭುಜದ ಮೇಲೇ ಇದೆಯಲ್ಲ, ಗುಡುಗು ಮುಷ್ಟಿ. ಇನ್ನು ಹತ್ತೊಂಬತ್ತು ಮೆಟ್ಟಿಲು. ಹತ್ತಿ ಬಾ, ಕುಡಿಯೋವಂತೆ.”